ಅಪ್ಪ ಕೇಳಿ ಪಡೆದ ಕಿಂಡಿ ಅಣೆಕಟ್ಟು

ಈಗ ಈ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನವೇ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತಾರೆ. ನಾನು ಸೇರಿದಾಗ ಕೊಟ್ಟದ್ದು ಒಂದು ಟೇಪು. ಅದರ ಮೊದಲ ಅಡಿ ತುಂಡಾಗಿ ಹೋಗಿತ್ತು. ಅಳೆದದ್ದರಲ್ಲಿ ಒಂದು ಅಡಿ ಕಳೆದು ಬರೆದುಕೋ, ಹೊಸ ಟೇಪು ಬರುವವರೆಗೆ ಹೀಗೆ ನಡೆಯಲಿ ಎಂದು ನಮ್ಮ ಸಾಹೇಬರು ಹೇಳಿದರು. ಹೊಸ ಟೇಪು ಬಂದದ್ದು ಅವರು ನಿವೃತ್ತರಾದ ಮೇಲೆ.

ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಸರ್ಕಾರದ ಕಿಂಡಿ ಅಣೆಕಟ್ಟುಗಳ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವನು. ಹೆಸರು ದೊಡ್ಡದು, ಕೆಲಸ ಕೆಸರಿನದ್ದು. ಕಿಂಡಿ ಅಣೆಕಟ್ಟು ಎಂದರೆ ತೋಡಿಗೆ, ಅಂದರೆ ಊರಿನ ಹಳ್ಳಕ್ಕೆ, ಅಡ್ಡಲಾಗಿ ಒಂದು ಸಾಲು ಕಾಂಕ್ರೀಟಿನ ಕಂಬಗಳು, ನಡುನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿಗಳು ತೆರೆದಿರುತ್ತವೆ, ನೆರೆನೀರು ಅದರ ಪಾಡಿಗೆ ಹೋಗುತ್ತದೆ. ಮಳೆ ನಿಂತು ನೀರು ಇಳಿದ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮೆಟ್ಟಬೇಕು. ನೀರು ನಿಲ್ಲುತ್ತದೆ. ಮುಂದಿನ ಮಳೆಗೆ ಮೊದಲು ಹಲಗೆಗಳನ್ನು ತೆಗೆಯಬೇಕು. ಇಷ್ಟೇ. ಇದರಲ್ಲಿ ಬರೆಯಲಿಕ್ಕೆ ಎಂತ ಉಂಟು ಎಂದು ನನ್ನ ಹೆಂಡತಿ ಕೇಳಿದಳು. ಬಡ್ತಿಯ ವಿಷಯ ಬರೆಯುವಷ್ಟು ಬಡ್ತಿ ನನಗೆ ಬಂದಿಲ್ಲ. ನಾನು ಬರೆಯುವುದು ನೀರು ಯಾಕೆ ನಿಲ್ಲಲಿಲ್ಲ ಎಂಬುದನ್ನು. ಅದನ್ನು ಬರೆಯಲು ಕುಳಿತರೆ ಅಪ್ಪನನ್ನು ಬಿಟ್ಟು ಬರೆಯಲು ಆಗುವುದಿಲ್ಲ.

ಅಪ್ಪನ ಹೆಸರು ತಿಮ್ಮಪ್ಪ. ಊರಿಗೆಲ್ಲ ತಿಮ್ಮಪ್ಪಣ್ಣ. ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಳಗೆ ನಡೆದರೆ ನಮ್ಮ ಬೈಲು, ಗುಡ್ಡಗಳ ನಡುವಿನ ಗದ್ದೆಗಳ ಸಾಲು. ಗೇಣಿಗೆ ಮಾಡುತ್ತಿದ್ದ ಗದ್ದೆ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಕೊಟ್ಟ ಮೇಲೆ ನಮ್ಮದಾಗಿತ್ತು, ಆದರೆ ಅದೊಂದರಿಂದ ಮನೆ ನಡೆಯುತ್ತಿರಲಿಲ್ಲ. ಅಪ್ಪ ಬೆಳಗ್ಗೆ ಬೇರೆಯವರ ತೆಂಗಿನ ಮರ ಹತ್ತುತ್ತಿದ್ದರು. ಆಮೇಲೆ ನಮ್ಮ ಗದ್ದೆ. ಮಧ್ಯಾಹ್ನ ಅಮ್ಮ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು, ಎಲೆ ಮತ್ತು ಹೊಗೆಸೊಪ್ಪು ತರುತ್ತಿದ್ದರು. ಸಂಜೆ ಯಾರದಾದರೂ ಮನೆಯ ಬೇಲಿ, ಯಾರದಾದರೂ ದನದ ಹೆರಿಗೆ, ಯಾರನ್ನಾದರೂ ಆಸ್ಪತ್ರೆಗೆ ಹೊರುವುದು. ಅವರು ಬೆನ್ನು ಒರಗಿಸಿ ಕುಳಿತು ಉಂಡದ್ದನ್ನು ನಾನು ನೋಡಿಲ್ಲ. ಗಂಜಿ ಬಟ್ಟಲು ಹಿಡಿದು ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು, ಯಾರಾದರೂ ಕರೆದರೆ ಏಳಲು ಸುಲಭ ಎಂದು. ಅಕ್ಕನ ಮದುವೆ ಆದದ್ದು, ನಾನು ಮೂಡುಬಿದಿರೆಯಲ್ಲಿ ಡಿಪ್ಲೊಮಾ ಓದಿದ್ದು ಎಲ್ಲ ಆ ಬಾಗಿಲ ಗಂಜಿಯ ಮೇಲೆ.

ನಮ್ಮ ಬೈಲಿನಲ್ಲಿ ಆಗ ವರ್ಷಕ್ಕೆ ಮೂರು ಬೆಳೆ. ಮಳೆಗಾಲದ ಏಣೆಲು, ಅದರ ಹಿಂದೆ ಸುಗ್ಗಿ, ಆಮೇಲೆ ಕೊಳಕೆ. ಕೊಳಕೆ ಬೇಸಿಗೆಯ ಬೆಳೆ, ಅದಕ್ಕೆ ತೋಡಿನ ನೀರೇ ಆಗಬೇಕು. ತೋಡಿನ ನೀರು ನಿಲ್ಲಲು ಪ್ರತಿವರ್ಷ ಕಟ್ಟ ಕಟ್ಟಬೇಕಿತ್ತು. ಗೂಟ ಹೊಡೆದು, ತೆಂಗಿನ ದಿಂಡು ಅಡ್ಡ ಹಾಕಿ, ಸೊಪ್ಪು, ಬೈಹುಲ್ಲು, ಕಲ್ಲು, ಅದರ ಮೇಲೆ ಜೇಡಿಮಣ್ಣು. ಮಳೆಗಾಲದ ಮೊದಲ ನೆರೆ ಬಂದಾಗ ಅದು ತಾನಾಗಿ ಕೊಚ್ಚಿಕೊಂಡು ಹೋಗುತ್ತಿತ್ತು. ಹೋಗಲೆಂದೇ ಕಟ್ಟಿದ್ದು. ಮರುವರ್ಷ ಪುನಃ ಕಟ್ಟುವುದು.

ಕಟ್ಟದ ಹಿಂದಿನ ಸಂಜೆ ಅಪ್ಪ ಮನೆಮನೆಗೆ ಹೋಗುತ್ತಿದ್ದರು. ನಾವು ಮಾತನಾಡುವುದು ತುಳು. ಅಂಗಳದಲ್ಲಿ ನಿಂತು, "ಎಲ್ಲೆ ಕಟ್ಟ ಉಂಡು" ಎನ್ನುವುದು. ನಾಳೆ ಕಟ್ಟ ಇದೆ, ಅಷ್ಟೇ. ಬನ್ನಿ ಎಂದು ಕರೆಯುತ್ತಿರಲಿಲ್ಲ. ಕರೆದರೆ ಬಾರದಿರಲು ಅವಕಾಶ ಕೊಟ್ಟಂತೆ ಎಂದು ಅವರ ಲೆಕ್ಕ. ಮನೆಯವರು ಬೆಲ್ಲ ನೀರು ಕೊಡುತ್ತಿದ್ದರು, ಕುಡಿದು ಮುಂದಿನ ಮನೆಗೆ. ಬೆಳಗ್ಗೆ ಪ್ರತಿ ಮನೆಯಿಂದ ಒಬ್ಬರು ತೋಡಿನಲ್ಲಿ. ಗಂಡಸಿಲ್ಲದ ಮನೆಯಿಂದ ಹೆಂಗಸು. ಜಗಳವಾಡಿ ಮಾತು ಬಿಟ್ಟವರೂ ಬುಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳಬೇಕು, ಬೇರೆ ದಾರಿ ಇಲ್ಲ. ಎಲ್ಲಕ್ಕಿಂತ ಕಷ್ಟ ಕೊನೆಯ ಬಾಯಿ ಮುಚ್ಚುವುದು. ಇಡೀ ತೋಡಿನ ನೀರು ಆ ಒಂದು ಬಾಯಿಯಿಂದ ರಭಸವಾಗಿ ಹೋಗುತ್ತಿರುತ್ತದೆ. ಆಗ ಎಲ್ಲರೂ ಒಟ್ಟಿಗೆ ಮಣ್ಣು ಸುರಿಯಬೇಕು. ನಾಲ್ಕು ಬುಟ್ಟಿ ಕಡಿಮೆಯಾದರೆ ಸುರಿದದ್ದೆಲ್ಲ ಹೋಯಿತು. ಯಾವ ಮನೆಯವರು ಬಂದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ, ನೀರೇ ಹೇಳುತ್ತಿತ್ತು. ಬಾಯಿ ಮುಚ್ಚಿದ ಮೇಲೆ ದಡದಲ್ಲಿ ಗಂಜಿ ಮತ್ತು ಒಣಮೀನಿನ ಚಟ್ನಿ.

ನಾನು ಹೈಸ್ಕೂಲಿನಲ್ಲಿದ್ದಾಗ ಹಾಗೆ ಬಾಯಿ ಮುಚ್ಚುವ ಹೊತ್ತಿಗೆ ಒಂದು ದಿಂಡು ಜಾರಿ ಪಕ್ಕದ ಮನೆಯ ಮೋನಪ್ಪಣ್ಣನ ಮೊಣಕಾಲಿನ ಮೇಲೆ ಬಿತ್ತು. ಮಂಚದ ಮೇಲೆ ಹಾಕಿ ರಸ್ತೆಯವರೆಗೆ ಹೊತ್ತು, ಜೀಪು ಹಿಡಿದು ಬೆಳ್ತಂಗಡಿಗೆ ಒಯ್ದರು. ಕಾಲು ಉಳಿಯಿತು, ಆದರೆ ಮಡಚಲು ಆಗಲಿಲ್ಲ. ಮೋನಪ್ಪಣ್ಣ ಯಾರನ್ನೂ ದೂರಲಿಲ್ಲ. ಅಪ್ಪ ಮಾತ್ರ ಅದನ್ನು ಮರೆಯಲಿಲ್ಲ.

"ನಾನು ಹೇಳಿದ್ದಕ್ಕೆ ಬಂದವ ಅವ. ಇನ್ನು ಯಾರ ಕಾಲೂ ಹೋಗಬಾರದು," ಎಂದು ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ.

ಅಂದಿನಿಂದ ಅಪ್ಪನಿಗೆ ಕಾಂಕ್ರೀಟಿನ ಕಟ್ಟದ ಹುಚ್ಚು ಹಿಡಿಯಿತು. ಬಂಟ್ವಾಳದಲ್ಲಿ ಯಾವುದೋ ತೋಡಿಗೆ ಸರ್ಕಾರದವರು ಕಿಂಡಿ ಅಣೆಕಟ್ಟು ಕಟ್ಟಿದ್ದನ್ನು ಹೋಗಿ ನೋಡಿ ಬಂದರು. ಶಾಲೆಯ ಮೇಷ್ಟ್ರ ಹತ್ತಿರ ಅರ್ಜಿ ಬರೆಸಿದರು. ಮರ ಹತ್ತುವ ಕೆಲಸ ಇಲ್ಲದ ದಿನ ಒಗೆದ ಅಂಗಿ ಹಾಕಿ ಕಚೇರಿಗೆ ಹೋಗುವುದು, ಸಂಜೆ ಬರಿಗೈಯಲ್ಲಿ ಬರುವುದು. ಪಂಚಾಯತು, ತಾಲೂಕು, ಶಾಸಕರ ಮನೆ, ಪುನಃ ಪಂಚಾಯತು. ಊರಿನವರು ತಮಾಷೆ ಮಾಡಿದರು. ತಿಮ್ಮಪ್ಪಣ್ಣ ಇವತ್ತು ಡ್ಯಾಮು ತರಲಿಕ್ಕೆ ಹೋಗಿದ್ದಾರೆ, ಚೀಲ ದೊಡ್ಡದು ತಕ್ಕೊಂಡಿದ್ದಾರಾ ಎಂದು. ಅಪ್ಪನೂ ನಗುತ್ತಿದ್ದರು.

ನನಗೆ ಈ ಕೆಲಸ ಸಿಕ್ಕಿದ್ದು ಆ ಓಡಾಟದ ನಡುವೆ. ಅಪ್ಪನಿಗೆ ಸಂಬಳಕ್ಕಿಂತ ಹೆಚ್ಚು ಸಂತೋಷವಾದದ್ದು ಮನೆಯ ಹುಡುಗನೊಬ್ಬ ಅಣೆಕಟ್ಟಿನ ಕಚೇರಿಯ ಒಳಗೆ ಇದ್ದಾನೆ ಎಂಬುದಕ್ಕೆ. ಒಳಗೆ ಹೋದ ಮೇಲೆ ನನ್ನ ಬೆಲೆ ಎಷ್ಟು ಎಂದು ನನಗೆ ಗೊತ್ತಾಯಿತು. ನಮ್ಮ ಮೊದಲ ಸಾಹೇಬರಿಗೆ ಜಿಗಣೆ ಎಂದರೆ ಪ್ರಾಣಭಯ. ಬೂಟಿನ ಸುತ್ತ ನಶ್ಯ ಉದುರಿಸಿಕೊಂಡು ದಡದ ಮೇಲೆ ನಿಲ್ಲುತ್ತಿದ್ದರು. ನೀರಿಗೆ ಇಳಿದು ಅಳೆಯುವುದು ನಾನು. ಆದರೂ ಮನುಷ್ಯ ಒಳ್ಳೆಯವರು. "ಕೆಲಸ ಮುಗಿದ ದಿನ ನೋಡಿ ಖುಷಿ ಪಡಬೇಡ ಮಾರಾಯ, ಮೂರು ವರ್ಷ ಬಿಟ್ಟು ಡಿಸೆಂಬರಿನಲ್ಲಿ ಬಂದು ನೋಡು," ಎನ್ನುತ್ತಿದ್ದರು. ಆಗ ನನಗೆ ಅದು ಹಳಬರ ಗೊಣಗಾಟ ಎನಿಸಿತು.

ಆ ತುಂಡು ಟೇಪಿನ ಫಲ ಗುರುವಾಯನಕೆರೆಯ ಹತ್ತಿರದ ಒಂದು ಅಣೆಕಟ್ಟಿನಲ್ಲಿ ಸಿಕ್ಕಿತು. ಕಿಂಡಿಯ ಅಗಲ ಅಳೆದು ನಾನು ಒಂದು ಅಡಿ ಕಳೆದು ಬರೆದೆ. ನಮ್ಮ ಟೇಪಿನ ಕತೆ ಗೊತ್ತಿದ್ದ ಕಚೇರಿಯ ಗುಮಾಸ್ತರು ತಾವೂ ಒಂದು ಅಡಿ ಕಳೆದರು. ಮರದ ಮಿಲ್ಲಿನಿಂದ ಲಾರಿ ತುಂಬ ಬಂದ ಹಲಗೆಗಳು ಒಂದೂ ಕಿಂಡಿಗೆ ಮುಟ್ಟಲಿಲ್ಲ. ಊರಿನವರು ನಕ್ಕು ನಕ್ಕು ಸುಸ್ತಾದರು. ಆದರೆ ಆ ವರ್ಷ ಆ ಊರಿನವರೇ ತೆಂಗಿನ ದಿಂಡು, ಗೋಣಿಚೀಲ ತಂದು ಸಂದಿ ಮುಚ್ಚಿ ನೀರು ನಿಲ್ಲಿಸಿದರು. ಆಗಿನ್ನೂ ಜನರಿಗೆ ಕಟ್ಟದ ಅಭ್ಯಾಸ ಇತ್ತು, ತಪ್ಪನ್ನು ಕೈಯಿಂದ ಸರಿ ಮಾಡುತ್ತಿದ್ದರು. ಇವತ್ತು ಹಾಗಾದರೆ ವೀಡಿಯೊ ಮಾಡಿ ಹಾಕುತ್ತಾರೆ, ನೀರು ಹೋಗುತ್ತದೆ.

ಕೊನೆಗೆ ನಮ್ಮ ಊರಿನ ಅಣೆಕಟ್ಟು ಮಂಜೂರಾಯಿತು. ನಿನ್ನ ಊರೇ ಅಲ್ವಾ, ನೀನೇ ನೋಡಿಕೋ ಎಂದು ಸಾಹೇಬರು ನನ್ನನ್ನೇ ಹಾಕಿದರು. ಅಪ್ಪ ಆ ಬೇಸಿಗೆಯಿಡೀ ತೋಡಿನಲ್ಲೇ ಇದ್ದರು. ಸಂಬಳದ ಆಳಲ್ಲ, ಮೇಸ್ತ್ರಿಯೂ ಅಲ್ಲ. ಕಾಂಕ್ರೀಟಿಗೆ ಒದ್ದೆ ಗೋಣಿ ಹೊದಿಸಿ ನೀರು ಹೊಯ್ಯುವುದನ್ನು ಯಾರಿಗೂ ಬಿಡಲಿಲ್ಲ. ತಡೆಗೋಡೆಗೆ ಜಾಗ ಸಾಲದೆ ಬಂದಾಗ ನಮ್ಮ ಗದ್ದೆಯ ಅಂಚನ್ನು ಬಿಟ್ಟುಕೊಟ್ಟರು. ಉದ್ಘಾಟನೆಗೆ ದೊಡ್ಡವರು ಬಂದು ಅಪ್ಪನಿಗೆ ಶಾಲು ಹೊದಿಸಿದರು. ಮೋನಪ್ಪಣ್ಣ ಕೋಲು ಊರಿಕೊಂಡು ಬಂದು ಕಂಬದ ಮೇಲೆ ಕೈಯಾಡಿಸಿದರು.

"ಇನ್ನು ನೀವೆಲ್ಲ ಸುಖವಾಗಿ ಮನೆಯಲ್ಲಿ ಇರಿ," ಎಂದು ಅಪ್ಪ ಎಲ್ಲರಿಗೂ ಹೇಳಿದರು. ಆ ದಿನದಷ್ಟು ಸಂತೋಷದಲ್ಲಿ ನಾನು ಅವರನ್ನು ಮತ್ತೆ ನೋಡಿಲ್ಲ.

ಹೇಳಿದ ಹಾಗೇ ಆಯಿತು. ಅವರು ಮನೆಯಲ್ಲಿ ಇದ್ದರು. ಹಲಗೆ ಹಾಕಲು ಇಡೀ ಊರು ಬೇಕಾಗಿಲ್ಲ, ಹತ್ತು ಜನ ಸಾಕು. ಮೊದಲ ವರ್ಷ ಕುತೂಹಲಕ್ಕೆ ಎಲ್ಲರೂ ಬಂದರು. ಅರ್ಧ ಜನ ದಡದಲ್ಲಿ ನಿಂತು ಹರಟೆ ಹೊಡೆದರು. ಮರುವರ್ಷ ಆ ಅರ್ಧ ಜನ ಬರಲಿಲ್ಲ. ಹತ್ತು ಜನ ಸಾಕು ಎಂದಾದ ಮೇಲೆ ಆ ಹತ್ತರಲ್ಲಿ ನಾನೇ ಯಾಕೆ ಎಂದು ಪ್ರತಿ ಮನೆಯೂ ಕೇಳಿಕೊಂಡಿತು. ಬಾರದಿದ್ದರೆ ಈಗ ನೀರು ಯಾರನ್ನೂ ತೋರಿಸಿಕೊಡುತ್ತಿರಲಿಲ್ಲ. ಆಮೇಲೆ ಕೆಲವರು ಬೋರ್‌ವೆಲ್ ಹಾಕಿಸಿದರು. ಕೆಲವರು ಗಲ್ಫಿಗೆ ಹೋದರು, ಕೆಲವರು ಕೊಳಕೆ ಬೆಳೆಯನ್ನೇ ಬಿಟ್ಟರು. ಅಪ್ಪ ಹಿಂದಿನ ಸಂಜೆ ಮನೆಮನೆಗೆ ಹೋಗುವುದನ್ನು ಬಿಡಲಿಲ್ಲ. "ಹೌದಾ ತಿಮ್ಮಪ್ಪಣ್ಣ, ಒಳ್ಳೆದಾಯ್ತು," ಎನ್ನುತ್ತಿದ್ದರಂತೆ ಜನ, ಯಾರದೋ ಮದುವೆಯ ಸುದ್ದಿ ಕೇಳಿದವರ ಹಾಗೆ.

ನನ್ನ ಕೆಲಸದಲ್ಲಿ ನಾನು ನೋಡಿದ್ದೂ ಇದನ್ನೇ, ಬೇರೆ ಬೇರೆ ಊರಿನಲ್ಲಿ. ಮೆಲ್ಕಾರಿನಿಂದ ಒಳಗೆ, ನೇತ್ರಾವತಿಗೆ ಸೇರುವ ಒಂದು ತೋಡಿನ ಅಣೆಕಟ್ಟು ನನ್ನ ಪಾಲಿಗೆ ಇತ್ತು. ಹಲಗೆ ಹಾಕಲು ಕರೆದರೆ ಅಲ್ಲಿನ ಗಂಡಸರಿಗೆಲ್ಲ ಸೊಂಟನೋವು. ಮೇ ತಿಂಗಳಲ್ಲಿ ಹಲಗೆ ತೆಗೆಯುವ ದಿನ ಮಾತ್ರ ಪಾಣೆಮಂಗಳೂರಿನಿಂದಲೂ ಜನ ಬರುತ್ತಿದ್ದರು, ಬಲೆ ಹಿಡಿದುಕೊಂಡು, ನಿಂತ ನೀರಿನ ಮೀನಿಗೆ. ಒಂದು ವರ್ಷ ಮೀನಿನ ಆಸೆಗೆ ಕಾಯಲಾಗದೆ ಮಾರ್ಚಿನಲ್ಲೇ ಯಾರೋ ಹಲಗೆ ಎತ್ತಿದರು. ಬೇಸಿಗೆಯ ನೀರೆಲ್ಲ ಹೋಯಿತು, ಮೀನು ಸಾರು ಚೆನ್ನಾಗಿತ್ತು ಎಂದು ಕೇಳಿದೆ.

ಮೂಡುಬಿದಿರೆಯ ಆಚೆ ಒಂದು ಜೈನ ಮನೆತನದ ಹಿರಿಯರು ಇದ್ದರು, ಊರಿನ ಬಸದಿಯನ್ನು ನೋಡಿಕೊಳ್ಳುತ್ತಿದ್ದವರು. ಅವರು ಹಲಗೆಗಳಿಗೆ ಎಣ್ಣೆ ಹಚ್ಚಿಸಿ ತಮ್ಮ ಚಾವಡಿಯಲ್ಲೇ ಪೇರಿಸಿಡುತ್ತಿದ್ದರು. ಹಾಕುವ ದಿನ ಕೊಡೆ ಹಿಡಿದು ದಡದಲ್ಲಿ ನಿಲ್ಲುತ್ತಿದ್ದರು, ಅವರು ನಿಂತರು ಎಂದು ಜನ ಬರುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ಹೋದರೆ ಚಾವಡಿ ಖಾಲಿ. ಹಲಗೆ ಹುಡುಕಿಕೊಂಡು ಊರು ಸುತ್ತಿದೆ. ಒಂದಷ್ಟು ಗೆದ್ದಲಿಗೆ, ಒಂದಷ್ಟು ಒಬ್ಬರ ಕೋಳಿಗೂಡಿಗೆ ಆಗಿತ್ತು. ಗೂಡಿನ ಮನೆಯಾಕೆ ನನ್ನನ್ನು ಕೂರಿಸಿ ಕಾಫಿ ಕೊಟ್ಟು, "ಸರ್ಕಾರದ ಹಲಗೆ ಭಾರೀ ಗಟ್ಟಿ ಉಂಟು," ಎಂದರು.

ಆಮೇಲೆ ಕ್ರಮ ಬದಲಾಯಿತು. ಮರದ ಹಲಗೆ ಹೋಗಿ ಫೈಬರ್ ಹಲಗೆ ಬಂತು. ಗೆದ್ದಲಿನ ಕಾಟ ಇಲ್ಲ, ಒಬ್ಬನೇ ಎತ್ತಬಹುದು. ಊರಿನವರ ಬದಲು ಕಾಂಟ್ರಾಕ್ಟರ್ ಬಂದ. ಅವನ ಆಳುಗಳು ಯಾವುದೋ ರಾಜ್ಯದಿಂದ ಬಂದವರು, ತೋಡಿನ ಹೆಸರೂ ಅವರಿಗೆ ಗೊತ್ತಿಲ್ಲ. ಹಲಗೆ ಇಳಿಸಿ, ನಾಲ್ಕು ಬುಟ್ಟಿ ಮಣ್ಣು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಕೆಲಸ ಆಯಿತು. ಎಲ್ಲಿ ನಿಂತು ತೆಗೆದದ್ದು ಎಂದು ಫೋಟೋದಲ್ಲೇ ಬರುತ್ತದೆ, ಮೋಸ ಮಾಡಲು ಆಗುವುದಿಲ್ಲ ಎಂದು ಮೇಲಿನವರು ಮೀಟಿಂಗಿನಲ್ಲಿ ಹೇಳಿದರು. ಮೋಸ ಯಾರೂ ಮಾಡಲಿಲ್ಲ. ಫೋಟೋ ತೆಗೆದಾಗ ನೀರು ನಿಜವಾಗಿ ನಿಂತಿರುತ್ತಿತ್ತು. ವಾರದಲ್ಲಿ ಮಣ್ಣು ಕರಗಿ ಸಂದಿಯಿಂದ ಸೋರಿ ಹೋಗುತ್ತಿತ್ತು. ಮೊದಲಾದರೆ ಗದ್ದೆಗೆ ಹೋಗುವವರು ಯಾರಾದರೂ ನೋಡಿ ಒಂದು ಹಿಡಿ ಜೇಡಿಮಣ್ಣು ತುರುಕಿ ಬರುತ್ತಿದ್ದರು. ಈಗ ಗದ್ದೆಗೆ ಹೋಗುವವರು ಇಲ್ಲ. ಕಾಗದದಲ್ಲಿ ನನ್ನ ವ್ಯಾಪ್ತಿಯ ಅಣೆಕಟ್ಟುಗಳೆಲ್ಲ ತುಂಬಿದ್ದವು.

ನಮ್ಮ ಊರಿಗೆ ಕಾಂಟ್ರಾಕ್ಟರ್ ಬರಲಿಲ್ಲ, ಯಾಕೆಂದರೆ ನಮ್ಮಲ್ಲಿ ಅಪ್ಪ ಇದ್ದರು. ತಿಮ್ಮಪ್ಪಣ್ಣ ಹಾಕುತ್ತಾರೆ ಎಂದು ಪಂಚಾಯತಿನವರಿಗೂ ಗೊತ್ತು, ಊರಿನವರಿಗೂ ಗೊತ್ತು. ಮೊದಲು ಹತ್ತು ಜನ, ಆಮೇಲೆ ಐದು, ಆಮೇಲೆ ಅಪ್ಪ, ಅಮ್ಮ ಮತ್ತು ಕಾಲು ಮಡಚಲಾಗದ ಮೋನಪ್ಪಣ್ಣ. ಅದೇ ವಾರಗಳಲ್ಲಿ ನಾನು ಬೇರೆ ಊರಿನ ತೋಡುಗಳಲ್ಲಿ ಡ್ಯೂಟಿಯಲ್ಲಿರುತ್ತಿದ್ದೆ, ಹಲಗೆ ಹಾಕುವ ಕಾಲ ಎಲ್ಲ ಕಡೆಗೂ ಒಂದೇ ಅಲ್ಲವೇ. ಭಾನುವಾರ ಹೋದರೆ ಅರ್ಧ ಕಿಂಡಿಗಳು ಮುಚ್ಚಿರುತ್ತಿದ್ದವು, ಉಳಿದದ್ದನ್ನು ನಾವಿಬ್ಬರು ಮುಚ್ಚುತ್ತಿದ್ದೆವು. ಅಮ್ಮ ಹೋದರು. ಮೋನಪ್ಪಣ್ಣ ಹೋದರು. ಎಂಬತ್ತು ಸಮೀಪಿಸಿದ ಅಪ್ಪ ಒಂದೊಂದೇ ಹಲಗೆ ಎಳೆದುಕೊಂಡು ಹೋಗಿ, ದಿನಕ್ಕೆ ಒಂದು ಕಿಂಡಿಯಂತೆ ಮುಚ್ಚಿದರು. ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರು ಹಾರನ್ ಹೊಡೆದು ಕೈ ಬೀಸುತ್ತಿದ್ದರು. ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಪ್ಪನಿಗೆ ಸಿಟ್ಟು ಬರಲಿಲ್ಲ.

"ಬಿಡು, ಅವರವರ ಕೆಲಸ ಅವರಿಗೆ ಉಂಟು," ಎನ್ನುತ್ತಿದ್ದರು.

ಹಾಗಿರುವಾಗ ಒಂದು ಏಪ್ರಿಲಿನಲ್ಲಿ ಅಪ್ಪ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆಸ್ಪತ್ರೆಯಲ್ಲಿ ಇಡಬೇಕಾಯಿತು. ಮಲಗಿದಲ್ಲಿಂದಲೇ, "ಹಲಗೆ ತೆಗೀಲಿಕ್ಕೆ ಹೇಳು, ಮೋಡ ಆಗ್ತಾ ಉಂಟು," ಎಂದರು. ನಾನು ಫೋನು ಮಾಡಿದೆ. ಪಂಚಾಯತು ಸದಸ್ಯರು ಆಯಿತು ಎಂದರು. ಬೈಲಿನ ಎರಡು ಮೂರು ಮನೆಗೂ ಹೇಳಿದೆ, ಅವರೂ ಆಯಿತು ಎಂದರು. ಒಬ್ಬೊಬ್ಬರೂ ಇನ್ನೊಬ್ಬರು ತೆಗೆಯುತ್ತಾರೆ ಎಂದುಕೊಂಡರು. ಮೇ ಕೊನೆಗೆ ಮಳೆ ಒಮ್ಮೆಲೇ ಸುರಿಯಿತು. ಮುಚ್ಚಿದ ಕಿಂಡಿಗಳ ಎದುರು ನೆರೆನೀರು ಕಸಕಡ್ಡಿ ಮರ ಎಲ್ಲ ತಂದು ಒಟ್ಟಿತು. ಕಾಂಕ್ರೀಟು ಅಲುಗಲಿಲ್ಲ, ನಾವು ಅಷ್ಟು ಚೆನ್ನಾಗಿ ಕಟ್ಟಿದ್ದೆವು. ನೀರು ಬದಿಗೆ ತಿರುಗಿ ನಮ್ಮ ಗದ್ದೆಯನ್ನು ಕೊರೆದುಕೊಂಡು ಹೋಯಿತು.

ಅಪ್ಪನನ್ನು ಮನೆಗೆ ತಂದ ಮೇಲೆ ತೋರಿಸಲೇಬೇಕಾಯಿತು. ಮಳೆ ಬಿಟ್ಟ ಒಂದು ಬೆಳಗ್ಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನು ಮತ್ತು ನನ್ನ ಭಾವ ಹೊತ್ತುಕೊಂಡು ಹೋಗಿ ಗದ್ದೆಯ ಅಗಲವಾದ ಬದುವಿನ, ಕಟ್ಟಪುಣಿಯ, ಮೇಲೆ ಇಟ್ಟೆವು. ತೋಡು ನಮ್ಮ ಗದ್ದೆಯ ನಡುವೆ ಹರಿಯುತ್ತಿತ್ತು. ಅಣೆಕಟ್ಟು ಪಕ್ಕದಲ್ಲಿ ಮಣ್ಣು ತುಂಬಿಕೊಂಡು ಸುಮ್ಮನೆ ನಿಂತಿತ್ತು. ಕಳೆದುಹೋದ ಗದ್ದೆಯನ್ನು ಬಿಟ್ಟು ಅಪ್ಪ ಅಣೆಕಟ್ಟನ್ನೇ ನೋಡಿದರು. "ಇದನ್ನು ಒಡೀಲಿಕ್ಕೆ ಅರ್ಜಿ ಎಲ್ಲಿ ಕೊಡಬೇಕು?" ಎಂದು ಕೇಳಿದರು.

ನಾನು ಬೇಸರದ ಮಾತು ಎಂದುಕೊಂಡೆ. ಅಲ್ಲ. ದಿನವೂ ಕೇಳಿದರು. ಅಂಥ ಅರ್ಜಿ ಇಲ್ಲ ಅಪ್ಪ ಎಂದರೆ, ಕಟ್ಟಲಿಕ್ಕೆ ಉಂಟು, ಒಡೀಲಿಕ್ಕೆ ಇಲ್ಲ ಎಂದರೆ ಹೇಗೆ, ನನ್ನನ್ನು ಕರಕೊಂಡು ಹೋಗು, ನಾನೇ ಮಾತಾಡ್ತೇನೆ ಎಂದರು. ಕೊನೆಗೆ ರಿಕ್ಷಾ ಮಾಡಿ ನನ್ನ ಕಚೇರಿಗೇ ಕರೆದುಕೊಂಡು ಹೋದೆ. ಆಗ ನಮಗೆ ಇದ್ದ ಇಂಜಿನಿಯರ್ ಮೇಡಂ ಹಾಸನ ಕಡೆಯವರು, ಚಿಕ್ಕ ಪ್ರಾಯದವರು, ಮರ್ಯಾದೆಯವರು. ಎದ್ದು ಬಂದು ಅಪ್ಪನನ್ನು ಕೂರಿಸಿದರು. ಅಪ್ಪ ಒಗೆದ ಅಂಗಿ ಹಾಕಿದ್ದರು. ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಮಾತನಾಡಿದರು.

"ಮೇಡಂ, ನನಗೆ ಒಂದು ಉಪಕಾರ ಆಗಬೇಕು. ನಮ್ಮ ಊರಿನ ಅಣೆಕಟ್ಟನ್ನು ಒಡೆದು ಕೊಡಬೇಕು."

"ಯಾಕಜ್ಜಾ? ನಿಮ್ಮ ಗದ್ದೆ ಹೋಯ್ತು ಅಂತ ಗೊತ್ತಾಯ್ತು. ಅಲ್ಲೊಂದು ತಡೆಗೋಡೆ ಹಾಕಿ ನೀರನ್ನ ವಾಪಸ್ ತಿರುಗಿಸಿಕೊಡ್ತೀವಿ. ಎಸ್ಟಿಮೇಟ್ ಮಾಡಿಸ್ತಾ ಇದೀನಿ."

"ಗದ್ದೆಯ ವಿಷಯ ಅಲ್ಲ. ತಡೆಗೋಡೆ ಬೇಡ. ಅದು ಇರುವಷ್ಟು ದಿನ ಯಾರೂ ಬರುವುದಿಲ್ಲ. ಅದು ಹೋದರೆ ಕಟ್ಟ ಕಟ್ಟಬೇಕಾಗ್ತದೆ. ಆಗ ಎಲ್ಲರೂ ಬರಲೇಬೇಕು."

ಮೇಡಂ ನನ್ನ ಮುಖ ನೋಡಿದರು. ಅಪ್ಪನಿಗೆ ಮರೆವು ಬಂದಿದೆಯೇ ಎಂದು ಕಣ್ಣಿನಲ್ಲೇ ಕೇಳಿದ ಹಾಗಿತ್ತು.

"ಸರ್ಕಾರದ ಆಸ್ತಿ ಅಜ್ಜಾ, ಹಾಗೆಲ್ಲ ಒಡೆಯೋಕೆ ಬರಲ್ಲ. ನಿಮ್ಮ ಮಗನಿಗೇ ಗೊತ್ತಲ್ಲ," ಎಂದರು.

"ಕೇಳಿದ್ದು ನಾನೇ ಮೇಡಂ. ಎಷ್ಟೋ ವರ್ಷ ನಡೆದು ಕೇಳಿದ್ದು. ಜನರಿಗೆ ಸುಖ ಆಗಲಿ ಎಂದು ಕೇಳಿದೆ. ಊರು ಹೀಗಾಗ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿದ್ದನ್ನು ನಾನೇ ಬೇಡ ಎಂದರೆ ಆಗುವುದಿಲ್ಲವಾ?"

ಮೇಡಂ ಚಹಾ ತರಿಸಿದರು. ಅಪ್ಪ ಚಹಾ ಕುಡಿದು ಕೈ ಮುಗಿದು ಎದ್ದರು. ರಿಕ್ಷಾದಲ್ಲಿ ಗುರುವಾಯನಕೆರೆ ದಾಟಿದೆವು. ಆಮೇಲೆ, "ಆ ಹುಡುಗಿ ಒಳ್ಳೆಯವಳು. ಅವಳಿಂದ ಆಗ್ಲಿಕ್ಕಿಲ್ಲ," ಎಂದರು. ಮತ್ತೆ ಯಾವತ್ತೂ ಅದನ್ನು ಎತ್ತಲಿಲ್ಲ. ಮರದ ತುದಿಗೆ ಹತ್ತಿದವರು, ನೆರೆಗೆ ಇಳಿದವರು, ಆ ದಿನದಿಂದ ಮನೆಯಿಂದ ಹೊರಗೆ ಹೋಗುವ ಮನಸ್ಸು ಮಾಡಲಿಲ್ಲ. ಊಟಕ್ಕೆ ಬಾಗಿಲ ಹತ್ತಿರ ಕೂರುವುದನ್ನೂ ಬಿಟ್ಟರು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ.

ಆ ವರ್ಷ ಮಳೆ ಮುಗಿದ ಮೇಲೆ ಅಪ್ಪ ತೀರಿಕೊಂಡರು. ಅವರನ್ನು ನೋಡಲು ಪ್ರತಿ ಮನೆಯಿಂದಲೂ ಜನ ಬಂದರು. ಚಿತೆಗೆ ಕಟ್ಟಿಗೆ ಕಡಿದರು, ಹೊತ್ತರು. ಬೊಜ್ಜದ ದಿನ ಉತ್ತರಕ್ರಿಯೆಯ ಊಟ ಬಡಿಸಲು ನಿಂತವರು ಎಷ್ಟು ಜನ ಎಂದರೆ ಒಬ್ಬರಿಗೊಬ್ಬರು ಅಡ್ಡ ಬರುತ್ತಿದ್ದರು. ತಿಮ್ಮಪ್ಪಣ್ಣ ಊರಿಗಾಗಿ ದುಡಿದವರು ಎಂದು ಒಬ್ಬರಾದ ಮೇಲೆ ಒಬ್ಬರು ಮಾತನಾಡಿದರು. ನಾನು ಎಲೆಯ ಮುಂದೆ ಕುಳಿತು ಅಳು ತಡೆದುಕೊಂಡೆ. ಆ ಅಳುವಿನಲ್ಲಿ ಅರ್ಧ ಸಿಟ್ಟು ಇತ್ತು. ಆ ಡಿಸೆಂಬರಿನಲ್ಲಿ ನೀರು ನಿಲ್ಲಿಸಲು ಯಾರೂ ತೋಡಿಗೆ ಬರಲಿಲ್ಲ.

ಮೇಡಂ ಮಾತು ಉಳಿಸಿಕೊಂಡರು. ತಡೆಗೋಡೆ ಆಯಿತು, ಮಣ್ಣು ತೆಗೆಸಿ ಹಲಗೆಗಳನ್ನು ಬಿಡಿಸಿದರು, ತೋಡು ಕಿಂಡಿಗಳ ದಾರಿಗೆ ವಾಪಸು ಬಂತು. ನಾನು ನಿವೃತ್ತನಾಗಿ ಊರಿಗೇ ಬಂದು ಕೂತೆ. ಕಿಂಡಿಗಳು ವರ್ಷವಿಡೀ ತೆರೆದೇ ಇರುತ್ತವೆ. ಜನವರಿಯಲ್ಲಿ ತೋಡಿನಲ್ಲಿ ಕಲ್ಲು ಕಾಣುತ್ತದೆ, ಫೆಬ್ರವರಿಯಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ. ಬೈಲಿನಲ್ಲಿ ಏಣೆಲು ಬೆಳೆಯುವವರೇ ಕಡಿಮೆ, ಕೊಳಕೆ ಎಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರುವ ಹುಡುಗರೇ, ಕಾಂಕ್ರೀಟಿನ ಪಾಕ ಹೇಗಿರಬೇಕು, ಹಲಗೆಯ ಸಂದಿ ಹೇಗೆ ಮುಚ್ಚಬೇಕು ಎಂದು ನಾನು ನಿಮಗೆ ಹೇಳಿಕೊಡಬಲ್ಲೆ. ಜನರನ್ನು ತೋಡಿಗೆ ತರುವುದು ಹೇಗೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಅದು ಗೊತ್ತಿದ್ದ ಅಪ್ಪನಿಗೂ ಕೊನೆಗೆ ಗೊತ್ತಿರಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ಭಾನುವಾರ ಮೋನಪ್ಪಣ್ಣನ ಮೊಮ್ಮಗ ಪ್ರಜ್ವಲ್ ಮತ್ತು ಅವನ ಇಬ್ಬರು ಸ್ನೇಹಿತರು ಮನೆಗೆ ಬಂದರು. ಒಳ್ಳೆಯ ಹುಡುಗರು, ಓದಿದವರು. ಹಳೆಯ ಅಣೆಕಟ್ಟಿನ ಬದಲು ಕರೆಂಟಿನ ಗೇಟು ಇರುವ ಹೊಸದು ಬೇಕು ಎಂದು ಊರಿನವರೆಲ್ಲ ಅರ್ಜಿ ಕೊಡುತ್ತಾರಂತೆ.

"ಸ್ವಿಚ್ ಒತ್ತಿದರೆ ಗೇಟು ಇಳಿತದೆ, ಪುನಃ ಒತ್ತಿದರೆ ಏಳ್ತದೆ ಅಂಕಲ್. ಯಾರಿಗೂ ಉಪದ್ರ ಇಲ್ಲ. ತಿಮ್ಮಪ್ಪಜ್ಜನ ಹೆಸರು ಇಡುವ ಎಂದು ಮಾತಾಡಿದ್ದೇವೆ. ಮೊದಲ ಸಹಿ ನಿಮ್ಮದು ಆಗಬೇಕು," ಎಂದ ಪ್ರಜ್ವಲ್.

ಅಪ್ಪ ಕಚೇರಿಯಲ್ಲಿ ಕೇಳಿದ್ದನ್ನು ನಾನು ಅವರಿಗೆ ಹೇಳಿದೆ. ಮೂವರೂ ತಲೆ ತಗ್ಗಿಸಿ ಕೇಳಿದರು.

"ಪ್ರಾಯ ಆದವರಲ್ವಾ ಅಂಕಲ್. ಬೇಸರದಲ್ಲಿ ಹೇಳಿದ್ದಿರಬೇಕು," ಎಂದ ಪ್ರಜ್ವಲ್, ನನಗೆ ನೋವಾಗದ ಹಾಗೆ.

"ಆಗಲಿ. ಗೇಟು ಬರುವಾಗ ಬರಲಿ. ಹಲಗೆಗಳು ನಮ್ಮ ಕೊಟ್ಟಿಗೆಯಲ್ಲೇ ಉಂಟು, ತೋಡಿನಲ್ಲಿ ಈಗ ನೀರೂ ಉಂಟು. ನಾವು ನಾಲ್ಕು ಜನ ಇದ್ದೇವಲ್ಲ, ಈ ವರ್ಷದ್ದನ್ನು ಹಾಕುವನಾ?" ಎಂದೆ.

ಅವರಲ್ಲೊಬ್ಬ ಅರ್ಜಿಯ ಹಾಳೆಯನ್ನು ನನ್ನ ಕಡೆಗೆ ಸರಿಸಿದ.

"ಹೇಗೂ ಗೇಟು ಬರ್ತದಲ್ಲ ಅಂಕಲ್," ಎಂದ ಪ್ರಜ್ವಲ್. "ಇನ್ನು ಹಲಗೆ ಯಾಕೆ?"

ಹೆಂಡತಿ ಬೆಲ್ಲ ನೀರು ತಂದಿಟ್ಟಳು. ಅವರು ಕುಡಿದರು. ನಾನು ಕನ್ನಡಕ ಹಾಕಿಕೊಂಡು, ಅಪ್ಪನ ಹೆಸರನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಿ, ಸಹಿ ಮಾಡಿ ಕೊಟ್ಟೆ.